ಋತುಬಂಧದ ಹಾರ್ಮೋನು ಚಿಕಿತ್ಸೆ: ಒಂದು ಮರುಪರಿಶೀಲನೆ

ಮುಟ್ಟು ನಿಂತು ಸತತ ಹನ್ನೆರಡು ತಿಂಗಳು ಕಳೆದ ಮೇಲಷ್ಟೇ ಋತುಬಂಧವಾಯಿತೆಂದು ವೈದ್ಯಶಾಸ್ತ್ರ ನಿರ್ಧರಿಸುತ್ತದೆ. ಆದರೆ ಅದಕ್ಕೂ ಕೆಲವು ವರ್ಷ ಮೊದಲೇ ಅಂಡಾಶಯದ ಕೆಲಸ ಏರುಪೇರಾಗತೊಡಗಿ, ಮುಟ್ಟಿನ ದಿನಗಳು ಹಿಂದುಮುಂದಾಗುತ್ತವೆ, ಇದ್ದಕ್ಕಿದ್ದಂತೆ ಎದೆ, ಕತ್ತು, ಮುಖಗಳಿಗೆ ಬಿಸಿಯೇರಿ ಮೈ ಬೆವರುತ್ತದೆ, ನಿದ್ದೆ ಕೆಡುತ್ತದೆ, ಮನಸ್ಸು ಸಣ್ಣ ಮಾತಿಗೂ ಕದಡುತ್ತದೆ. ಈ ತೊಂದರೆಗಳಿಗೆ ಮುಖ್ಯ ಕಾರಣ ಈಸ್ಟ್ರೋಜೆನ್ ಎಂಬ ಹಾರ್ಮೋನಿನ ಏರಿಳಿತ ಮತ್ತು ಇಳಿಮುಖ. ಅದನ್ನು ಮಾತ್ರೆ, ಪಟ್ಟಿ ಅಥವಾ ಮುಲಾಮಿನ ರೂಪದಲ್ಲಿ ದೇಹಕ್ಕೆ ಒದಗಿಸುವುದೇ ಹಾರ್ಮೋನು ಚಿಕಿತ್ಸೆ. ಕಳೆದ ಅರವತ್ತು ವರ್ಷಗಳಲ್ಲಿ ಈ ಚಿಕಿತ್ಸೆಯನ್ನು ಮೊದಲು ಅತಿಯಾಗಿ ಹೊಗಳಲಾಯಿತು, ಆಮೇಲೆ ಅತಿಯಾಗಿ ದೂರಲಾಯಿತು. ಎರಡೂ ಸಲ ಮದ್ದನ್ನು ತೂಗಿದವರು ಅದನ್ನು ಸೇವಿಸುವ ಹೆಣ್ಣಿನ ವಯಸ್ಸನ್ನೂ ಮೈಯ ಸ್ಥಿತಿಯನ್ನೂ ತಕ್ಕಡಿಗೆ ಹಾಕಲು ಮರೆತರೆಂಬುದು ಈ ಇತಿಹಾಸವನ್ನು ಪರಿಶೀಲಿಸಿದಾಗ ಕಾಣುವ ಮುಖ್ಯ ದೋಷ.

ಹೊಗಳಿಕೆಯ ಕಾಲಕ್ಕೆ ದನಿಯಾದದ್ದು ನ್ಯೂಯಾರ್ಕಿನ ಸ್ತ್ರೀರೋಗತಜ್ಞ ರಾಬರ್ಟ್ ವಿಲ್ಸನ್ 1966ರಲ್ಲಿ ಪ್ರಕಟಿಸಿದ ‘ಫೆಮಿನೈನ್ ಫಾರೆವರ್’ ಎಂಬ ಪುಸ್ತಕ. ಋತುಬಂಧವನ್ನು ಹಾರ್ಮೋನು ಕೊರತೆಯ ಕಾಯಿಲೆಯೆಂದೂ, ಈಸ್ಟ್ರೋಜೆನ್ ಸೇವಿಸಿದರೆ ಹೆಣ್ತನ ಎಂದೆಂದಿಗೂ ಉಳಿಯುವುದೆಂದೂ ವಾದಿಸಿದ ಈ ಕೃತಿ ಅಮೆರಿಕದಲ್ಲಿ ಲಕ್ಷಾಂತರ ಓದುಗರನ್ನು ತಲುಪಿತು. ಹೆಂಗಸರ ಸಂಕಟವನ್ನು ವೈದ್ಯರು ಕಿವಿಗೊಟ್ಟು ಕೇಳಬೇಕೆಂದು ಹೇಳಿದ್ದು ಅದರ ಗುಣವೆನ್ನಬಹುದಾದರೂ, ವಯಸ್ಸಾಗುವ ಸಹಜ ಕ್ರಿಯೆಯನ್ನೇ ರೋಗವೆಂದು ಕರೆದು, ತೊಂದರೆ ಇರುವವರಿಗೂ ಇಲ್ಲದವರಿಗೂ ಒಂದೇ ಮದ್ದನ್ನು ಸೂಚಿಸಿದ್ದು ಅದರ ದೊಡ್ಡ ತಪ್ಪು. ಈಸ್ಟ್ರೋಜೆನ್ ಒಂದನ್ನೇ ಸೇವಿಸುವವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚುತ್ತದೆಂದು 1975ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ಆ ಪದರ ಬೆಳೆಯದಂತೆ ತಡೆಯುವ ಪ್ರೊಜೆಸ್ಟೋಜೆನ್ ಎಂಬ ಇನ್ನೊಂದು ಹಾರ್ಮೋನನ್ನು ಗರ್ಭಕೋಶವಿರುವ ಹೆಂಗಸರಿಗೆ ಜೊತೆಗೂಡಿಸಿ ಕೊಡುವ ಕ್ರಮ ಬೆಳೆದುಬಂದದ್ದು ಆ ನಂತರ.

ದೂರಿಗೆ ಆಧಾರವಾದದ್ದು ಅಮೆರಿಕ ಸರ್ಕಾರದ ನೆರವಿನಿಂದ ನಡೆದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಎಂಬ ಬೃಹತ್ ಅಧ್ಯಯನ. 50ರಿಂದ 79 ವರ್ಷದ 16,608 ಹೆಂಗಸರು ಪಾಲ್ಗೊಂಡಿದ್ದ ಅದರ ಜೋಡಿ ಹಾರ್ಮೋನಿನ ಭಾಗವನ್ನು 2002ರ ಜುಲೈನಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಸ್ತನ ಕ್ಯಾನ್ಸರ್ ಶೇ. 26ರಷ್ಟು ಹೆಚ್ಚಿತೆಂಬ ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಅದೇ ಅಂಕಿಯನ್ನು ಬಿಡಿಸಿ ಹೇಳಿದರೆ, ವರ್ಷಕ್ಕೆ 10,000 ಹೆಂಗಸರಲ್ಲಿ 30 ಮಂದಿಗೆ ಬರುತ್ತಿದ್ದ ಕಾಯಿಲೆ 38 ಮಂದಿಗೆ ಬಂದಿತ್ತು. ಅದೇ ಲೆಕ್ಕದಲ್ಲಿ ಸೊಂಟದ ಮೂಳೆ ಮುರಿತ 15ರಿಂದ 10ಕ್ಕೆ ಇಳಿದಿತ್ತು. ಅಪಾಯ ನಿಜವಾದುದೇ, ಅದನ್ನು ಮುಚ್ಚಿಡಬೇಕಾಗಿಯೂ ಇಲ್ಲ. ಆದರೆ ಶೇಕಡಾವಾರು ಅಂಕಿಯೊಂದನ್ನೇ ಕೇಳಿದವರಿಗೆ ಅದರ ನಿಜವಾದ ಗಾತ್ರ ತಿಳಿಯುವಂತಿರಲಿಲ್ಲ.

ಈ ಅಧ್ಯಯನದ ಶಿಸ್ತು ಪ್ರಶ್ನಾತೀತ. ಎಡವಿದ್ದು ಅದನ್ನು ಓದಿದ ರೀತಿ. ಹೃದ್ರೋಗದಂಥ ದೀರ್ಘಕಾಲದ ಕಾಯಿಲೆಗಳನ್ನು ಹಾರ್ಮೋನು ತಡೆಯಬಲ್ಲದೇ ಎಂಬುದು ಅದು ಎತ್ತಿಕೊಂಡ ಪ್ರಶ್ನೆಯಾಗಿತ್ತು, ಮತ್ತು ಇಲ್ಲವೆಂಬ ಸ್ಪಷ್ಟ ಉತ್ತರ ದೊರೆಯಿತು. ಮೈ ಕಾವೇರಿ ರಾತ್ರಿಯಿಡೀ ನಿದ್ದೆಯಿಲ್ಲದ 48ರ ಹೆಣ್ಣಿಗೆ ಕೆಲವು ವರ್ಷ ಈ ಮದ್ದು ಕೊಡಬಹುದೇ ಎಂಬುದು ಬೇರೆಯದೇ ಪ್ರಶ್ನೆ. ಪಾಲ್ಗೊಂಡವರ ಸರಾಸರಿ ವಯಸ್ಸು 63 ಆಗಿದ್ದುದರಿಂದ, ಮುಟ್ಟು ನಿಂತು ದಶಕ ಕಳೆದವರ ಫಲಿತಾಂಶವನ್ನು ಆಗತಾನೇ ನಿಲ್ಲುತ್ತಿರುವವರಿಗೆ ನೇರವಾಗಿ ಅನ್ವಯಿಸಲಾಗದು. ಇದೇ ಮಾಹಿತಿಯ ಮರುವಿಶ್ಲೇಷಣೆಗಳ ಬಳಿಕ, 60 ದಾಟದ ಅಥವಾ ಋತುಬಂಧವಾಗಿ ಹತ್ತು ವರ್ಷ ಮೀರದ ಆರೋಗ್ಯವಂತರಲ್ಲಿ, ತೊಂದರೆ ತೀವ್ರವಾಗಿದ್ದರೆ, ಲಾಭವೇ ಹೆಚ್ಚೆಂಬ ನಿಲುವಿಗೆ ತಜ್ಞರು ಬಂದಿದ್ದಾರೆ. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ, ತೀವ್ರ ಯಕೃತ್ತಿನ ಕಾಯಿಲೆ ಇರುವವರಿಗೆ ಮತ್ತು ಕಾರಣ ತಿಳಿಯದ ರಕ್ತಸ್ರಾವವಾಗುತ್ತಿರುವವರಿಗೆ ಇದು ಸಲ್ಲದೆಂಬ ಎಚ್ಚರಿಕೆ ಮಾತ್ರ ಹಾಗೆಯೇ ಉಳಿದಿದೆ.

ಈ ವಿವೇಚನೆ ಕರ್ನಾಟಕಕ್ಕೆ ಬಂದಾಗ ಇನ್ನಷ್ಟು ತೀಕ್ಷ್ಣವಾಗಬೇಕು. ಪಶ್ಚಿಮದ ದೇಶಗಳಲ್ಲಿ ಸುಮಾರು 51ಕ್ಕೆ ಆಗುವ ಋತುಬಂಧ ಭಾರತದಲ್ಲಿ ಸರಾಸರಿ 46–47ಕ್ಕೇ ಆಗುತ್ತದೆ. ಅದಕ್ಕಿಂತ ಗಂಭೀರವಾದುದು ಶಸ್ತ್ರಚಿಕಿತ್ಸೆಯಿಂದ ತಂದುಕೊಳ್ಳುವ ಋತುಬಂಧ. ಬಿಳಿಸೆರಗು, ಹೊಟ್ಟೆನೋವು, ಅತಿಸ್ರಾವಗಳಿಗೆ ಗರ್ಭಕೋಶವನ್ನೇ ತೆಗೆಸಿಬಿಡುವ ರೂಢಿ ಬಡ ಕೂಲಿಕಾರ ಹೆಂಗಸರಲ್ಲಿ ಹಬ್ಬಿದೆ. ಕಲಬುರಗಿ ಜಿಲ್ಲೆಯಲ್ಲಿ ಹೀಗೆ ಅನಗತ್ಯ ಶಸ್ತ್ರಚಿಕಿತ್ಸೆಗೊಳಗಾದ ಲಂಬಾಣಿ ಮತ್ತು ದಲಿತ ಮಹಿಳೆಯರು ಕಳೆದ ದಶಕದಲ್ಲಿ ಬೀದಿಗಿಳಿದು ನ್ಯಾಯ ಕೇಳಿದರು. ಇಂಥ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಜಾರಿಗೊಳಿಸಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ರಾಜ್ಯಗಳಿಗೆ ನಿರ್ದೇಶನ ನೀಡಿತು. ಗರ್ಭಕೋಶ ಮಾತ್ರ ಹೋಗಿದ್ದರೆ ಮುಟ್ಟು ನಿಂತರೂ ಅಂಡಾಶಯ ಹಾರ್ಮೋನನ್ನು ಸ್ರವಿಸುತ್ತಲೇ ಇರುತ್ತದೆ. ಎರಡೂ ಅಂಡಾಶಯಗಳನ್ನು ತೆಗೆದಿದ್ದರೆ ಮಾತ್ರ ಈಸ್ಟ್ರೋಜೆನ್ ಒಮ್ಮೆಲೇ ಕುಸಿದು, ಮೂಳೆ ಮತ್ತು ಹೃದಯ ಹಲವು ವರ್ಷ ಮುಂಚಿತವಾಗಿ ದುರ್ಬಲಗೊಳ್ಳುತ್ತವೆ. ಅಂಥವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ, ಸಹಜ ಋತುಬಂಧದ ವಯಸ್ಸಿನವರೆಗಾದರೂ ಹಾರ್ಮೋನು ಕೊಡಬೇಕೆಂಬುದು ವೈದ್ಯಕೀಯ ಶಿಫಾರಸು. 63ರ ಅಮೆರಿಕದ ಹೆಂಗಸರಿಂದ ಹುಟ್ಟಿದ ಭಯವನ್ನು 35ರ ಕೂಲಿ ಹೆಣ್ಣಿಗೆ ಅನ್ವಯಿಸಿ ಆಕೆಗೆ ಚಿಕಿತ್ಸೆ ನಿರಾಕರಿಸುವುದು ವಿಜ್ಞಾನವನ್ನು ತಪ್ಪಾಗಿ ಓದಿದ್ದರ ಫಲ.

ಹಾರ್ಮೋನು ಬೇಡದವರಿಗೂ ಒಗ್ಗದವರಿಗೂ ದಾರಿಗಳಿವೆ. ಆಲೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಆಪ್ತಸಮಾಲೋಚನೆ ಬಿಸಿಯ ಕಾಟವನ್ನೂ ನಿದ್ದೆಗೇಡನ್ನೂ ಸಹನೀಯವಾಗಿಸುತ್ತದೆ. ಯೋನಿಯ ಶುಷ್ಕತೆಗೆ ಆ ಭಾಗಕ್ಕಷ್ಟೇ ಹಚ್ಚುವ ಅಲ್ಪ ಪ್ರಮಾಣದ ಈಸ್ಟ್ರೋಜೆನ್ ಮುಲಾಮು ಸಾಕಾಗುತ್ತದೆ. ಗಿಡಮೂಲಿಕೆಯ ಪುಡಿ, ಗುಳಿಗೆಗಳ ಜಾಹೀರಾತಿಗೆ ಅಷ್ಟೇ ಗಟ್ಟಿಯಾದ ಪುರಾವೆಯ ಬೆಂಬಲವಿಲ್ಲ. ಮೂಳೆಯ ತಯಾರಿ ಮುಟ್ಟು ನಿಲ್ಲುವ ಮೊದಲೇ ಆಗಬೇಕು: 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇರುವುದರಿಂದ ಮುದ್ದೆ ಉಣ್ಣುವ ಮನೆಗೆ ಅದು ದುಬಾರಿಯೇನಲ್ಲ, ಆದರೆ ಬಿಸಿಲು, ನಡಿಗೆ ಮತ್ತು ಭಾರ ಎತ್ತುವ ವ್ಯಾಯಾಮ ಜೊತೆಗಿರಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ವೈದ್ಯರಲ್ಲಿ ಪರೀಕ್ಷಿಸಿಕೊಳ್ಳಬೇಕೆಂಬ ತಿಳಿವಳಿಕೆಯೂ ಈ ತಯಾರಿಯ ಭಾಗವೇ.

ಒಟ್ಟಿನಲ್ಲಿ, ಹಾರ್ಮೋನು ಚಿಕಿತ್ಸೆ ವಿಲ್ಸನ್ ಸಾರಿದ ಅಮೃತವೂ ಆಗಿರಲಿಲ್ಲ, 2002ರ ನಂತರ ಜನ ಅಂಜಿದ ವಿಷವೂ ಆಗಿರಲಿಲ್ಲ. ಯಾರಿಗೆ, ಯಾವ ವಯಸ್ಸಿನಲ್ಲಿ, ಎಷ್ಟು ಕಾಲ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಮೇಲಷ್ಟೇ ಅದರ ಬೆಲೆ ಕಟ್ಟಲು ಸಾಧ್ಯ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೋ ಇಲ್ಲವೋ ಎಂಬುದೇ ತಿಳಿಯದ ಹೆಣ್ಣಿಗೆ ಈ ಮೂರರಲ್ಲಿ ಮೊದಲನೆಯದಕ್ಕೂ ಉತ್ತರ ಸಿಗುವುದಿಲ್ಲ. ಆದ್ದರಿಂದ ಆಸ್ಪತ್ರೆಯಿಂದ ಮನೆಗೆ ಹೊರಡುವ ದಿನ ಆಕೆಯ ಕೈಗೆ ಕೊಡುವ ಚೀಟಿಯಲ್ಲಿ ಏನನ್ನು ತೆಗೆಯಲಾಗಿದೆ, ಏನನ್ನು ಉಳಿಸಲಾಗಿದೆ ಎಂಬುದನ್ನು ಆಕೆ ಓದಬಲ್ಲ ಅಥವಾ ಓದಿಸಿಕೊಳ್ಳಬಲ್ಲ ಕನ್ನಡದಲ್ಲಿ ಬರೆದು ತಿಳಿಸುವುದು ಇಲ್ಲಿನ ಋತುಬಂಧದ ಆರೈಕೆಯ ಮೊದಲ ಹೆಜ್ಜೆಯಾಗಬೇಕು.