ಅರ್ಧ ಆಟ ಮಜ್ಜೋಲಾಗೆ, ಅರ್ಧ ಆಟ ರಿವೆರಾಗೆ

ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಬದಲಿ ಆಟಗಾರರನ್ನು ಇಳಿಸಲು ಅವಕಾಶ ಸಿಕ್ಕಿದ್ದು 1970ರಲ್ಲಿ, ಮೆಕ್ಸಿಕೊದಲ್ಲಿ. ಒಂದು ಪಂದ್ಯಕ್ಕೆ ಇಬ್ಬರು. ಅಲ್ಲಿಯವರೆಗೆ ಯಾರಾದರೂ ಕಾಲು ಮುರಿದುಕೊಂಡರೆ ಆ ತಂಡ ಹತ್ತೇ ಮಂದಿಯಲ್ಲಿ ಆಟ ಮುಗಿಸಬೇಕಿತ್ತು. ಇಟಲಿಯ ತರಬೇತುದಾರ ಫೆರೂಚ್ಚೊ ವಾಲ್ಕರೆಜ್ಜಿ ಈ ಹೊಸ ನಿಯಮವನ್ನು ಗಾಯಕ್ಕೆ, ದಣಿವಿಗೆ ಮಾತ್ರ ಬಳಸಲಿಲ್ಲ. ಒಂದು ಜಗಳ ತೀರಿಸಲೂ ಬಳಸಿದ. ಮೊದಲರ್ಧಕ್ಕೆ ಸಾಂಡ್ರೊ ಮಜ್ಜೋಲಾ, ಎರಡನೆಯ ಅರ್ಧಕ್ಕೆ ಜಾನ್ನಿ ರಿವೆರಾ. ಒಬ್ಬ ಇಂಟರ್ ತಂಡದ ಕಣ್ಮಣಿ, ಇನ್ನೊಬ್ಬ ಮಿಲಾನ್ ತಂಡದವನು. ಎರಡೂ ಒಂದೇ ಊರಿನ ಕ್ಲಬ್‌ಗಳು, ಆಡುವುದು ಒಂದೇ ಸ್ಯಾನ್ ಸಿರೊ ಕ್ರೀಡಾಂಗಣದಲ್ಲಿ. ಇಟಲಿಯ ಪತ್ರಿಕೆಗಳು ಈ ಏರ್ಪಾಟಿಗೆ ರಿಲೇ ಓಟದ ಹೆಸರನ್ನೇ ಇಟ್ಟವು: ಸ್ಟಾಫೆಟ್ಟಾ.

ಅರ್ಧ ಶತಮಾನ ಕಳೆದರೂ ಇಟಲಿಯಲ್ಲಿ ಈ ವಾದ ಮುಗಿದಿಲ್ಲ. ರಿವೆರಾಗೆ ಅನ್ಯಾಯವಾಯಿತು ಎನ್ನುವವರದೇ ದೊಡ್ಡ ದನಿ. ಮಜ್ಜೋಲಾನನ್ನು ತೆಗೆಯುವುದು ಸಾಧ್ಯವೇ ಇರಲಿಲ್ಲ ಎನ್ನುವವರೂ ಕಡಿಮೆಯಿಲ್ಲ. ಇವರಿಬ್ಬರಲ್ಲಿ ಯಾರು ಹೆಚ್ಚು ಎಂಬ ಪ್ರಶ್ನೆಗೆ ಉತ್ತರ ಕೊಡಬಹುದು, ಮುಂದೆ ಕೊಡುತ್ತೇನೆ ಕೂಡ. ಆದರೆ ಅದಕ್ಕೂ ಮೊದಲು ಕೇಳಬೇಕಾದ್ದು ಬೇರೆ: ಇವರಿಬ್ಬರಿಗೆ ಇರುವುದು ಒಂದೇ ಜಾಗ ಎಂದು ತೀರ್ಮಾನಿಸಿದವರು ಯಾರು?

ಇಬ್ಬರ ಆಟವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡೋಣ. ರಿವೆರಾ 1943ರಲ್ಲಿ ಹುಟ್ಟಿದವನು. ಹದಿನೈದನೆಯ ವಯಸ್ಸಿಗೇ ತನ್ನೂರು ಅಲೆಸ್ಸಾಂಡ್ರಿಯಾದ ತಂಡದ ಪರವಾಗಿ ಇಟಲಿಯ ಅಗ್ರ ಲೀಗ್‌ನಲ್ಲಿ ಆಡಿದ, ಮರುವರ್ಷ ಮಿಲಾನ್ ಸೇರಿದ. 1963ರಲ್ಲಿ ವೆಂಬ್ಲಿಯಲ್ಲಿ ಬೆನ್ಫಿಕಾವನ್ನು ಸೋಲಿಸಿ ಮಿಲಾನ್ ಯುರೋಪಿಯನ್ ಕಪ್ ಗೆದ್ದಾಗ ಅವನಿಗೆ ಇನ್ನೂ ಹತ್ತೊಂಬತ್ತು. ಅಂದು ಅಲ್ತಾಫಿನಿ ಹೊಡೆದ ಎರಡು ಗೋಲ್‌ಗಳ ಹಿಂದೆಯೂ ಅವನ ಪಾಸ್ ಇತ್ತು. 1969ರ ಫೈನಲ್‌ನಲ್ಲಿ ಏಯಾಕ್ಸ್ ವಿರುದ್ಧ ಮಿಲಾನ್‌ನ ಪ್ರಾತಿ ಮೂರು ಗೋಲ್ ಹೊಡೆದ, ಆ ಆಟವನ್ನು ಕಟ್ಟಿದವನು ರಿವೆರಾ. ಅದೇ ವರ್ಷ ಯುರೋಪಿನ ಶ್ರೇಷ್ಠ ಆಟಗಾರನಿಗೆ ಆಗ ಕೊಡುತ್ತಿದ್ದ ಬಾಲನ್ ದೋರ್ ಅವನಿಗೆ ಬಂತು. ಇಟಲಿಯಲ್ಲೇ ಹುಟ್ಟಿ ಬೆಳೆದವರಲ್ಲಿ ಅದನ್ನು ಪಡೆದ ಮೊದಲಿಗ ಅವನು.

ಅವನ ಆಟದ ಗುಟ್ಟು ಕಾಲಿಗಿಂತ ಕಣ್ಣಿನಲ್ಲಿತ್ತು. ಚೆಂಡು ಬರುವ ಮೊದಲೇ ತಲೆ ಎತ್ತಿ ಮೈದಾನವನ್ನು ಒಮ್ಮೆ ನೋಡಿರುತ್ತಿದ್ದ. ಚೆಂಡು ಕಾಲಿಗೆ ತಾಗಿದಾಗ ಅದು ಎಲ್ಲಿಗೆ ಹೋಗಬೇಕೆಂಬುದು ಆಗಲೇ ನಿರ್ಧಾರವಾಗಿರುತ್ತಿತ್ತು. ನಲವತ್ತು ಗಜ ದೂರದಲ್ಲಿ ಓಡುತ್ತಿರುವ ಸಹ ಆಟಗಾರ ಹೆಜ್ಜೆ ತಪ್ಪಿಸದೆ ಎತ್ತಿಕೊಳ್ಳುವಂತೆ ಪಾಸ್ ಕೊಡಬಲ್ಲವರು ಆ ಕಾಲದ ಯುರೋಪಿನಲ್ಲಿ ಬೆರಳೆಣಿಕೆಯಷ್ಟು. ಆದರೆ ಅವನು ಓಡುತ್ತಿರಲಿಲ್ಲ. ಎದುರಾಳಿಯಿಂದ ಚೆಂಡು ಕಸಿಯುವುದು, ಹಿಂದಕ್ಕೆ ಧಾವಿಸಿ ಡಿಫೆನ್ಸಿಗೆ ನೆರವಾಗುವುದು ಅವನ ಕೆಲಸವಾಗಿರಲಿಲ್ಲ. ಮಿಲಾನ್‌ನಲ್ಲಿ ಅವನ ಪಾಲಿನ ಓಟವನ್ನೂ ಓಡಿದವನು ಜೊವಾನ್ನಿ ಲೊದೆತ್ತಿ. ಇಟಲಿಯ ಅತಿ ಪ್ರಭಾವಿ ಕ್ರೀಡಾ ಬರಹಗಾರ ಜಾನ್ನಿ ಬ್ರೆರಾ ಈ ಕಾರಣಕ್ಕೇ ರಿವೆರಾನನ್ನು ಪುಟ್ಟ ಪಾದ್ರಿ ಎಂದು ಜರಿದ. ಕಸುವಿಲ್ಲದ ನಾಜೂಕು ಆಟಗಾರ ಎಂಬುದು ಅವನ ದೂರು.

ಮಜ್ಜೋಲಾನದು ಬೇರೆ ಕಥೆ. ಅವನ ತಂದೆ ವಾಲೆಂತಿನೊ ಮಜ್ಜೋಲಾ ಟೊರಿನೊ ತಂಡದ ನಾಯಕ. 1949ರ ಮೇ 4ರಂದು ಸುಪೆರ್ಗಾ ಬೆಟ್ಟಕ್ಕೆ ವಿಮಾನ ಅಪ್ಪಳಿಸಿ ಆ ಇಡೀ ತಂಡ ಅಳಿದಾಗ ಸಾಂಡ್ರೊಗೆ ಆರು ವರ್ಷ. ಅಂಥ ಹೆಸರನ್ನು ಬೆನ್ನಿಗೆ ಕಟ್ಟಿಕೊಂಡು ಮೈದಾನಕ್ಕಿಳಿದವನು ಸ್ಟ್ರೈಕರ್ ಆಗಿಯೇ ಬೆಳೆದ. 1964ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ ಎರಡು ಗೋಲ್ ಹೊಡೆದ. ಅರವತ್ತರ ದಶಕದ ಕೊನೆಯ ಹೊತ್ತಿಗೆ ಹಿಂದೆ ಸರಿದು ಮಿಡ್‌ಫೀಲ್ಡರ್ ಆದ. ಸ್ಟ್ರೈಕರನ ಚಾಳಿ ಮಾತ್ರ ಬಿಡಲಿಲ್ಲ. ಚೆಂಡು ಸಿಕ್ಕರೆ ಅದನ್ನು ಕಾಲಿಗಂಟಿಸಿಕೊಂಡು ನೇರ ಡಿಫೆಂಡರನ ಮೇಲೇ ನುಗ್ಗುವುದು, ಕಳೆದುಕೊಂಡರೆ ಹಿಂದಿರುಗಿ ಓಡಿ ಮತ್ತೆ ಗಿಟ್ಟಿಸುವುದು. ರಿವೆರಾ ಚೆಂಡನ್ನು ಓಡಿಸುತ್ತಿದ್ದ, ಮಜ್ಜೋಲಾ ಚೆಂಡಿನೊಡನೆ ತಾನೂ ಓಡುತ್ತಿದ್ದ.

ಇಷ್ಟು ಹೇಳಿದ ಮೇಲೆ ಇವರು ಒಂದೇ ಜಾಗದ ಆಟಗಾರರು ಎಂಬ ಮಾತು ನಿಲ್ಲುವುದಿಲ್ಲ. ಒಬ್ಬ ಹಿಂದೆ ನಿಂತು ಆಟ ಕಟ್ಟುವವನು, ಇನ್ನೊಬ್ಬ ಮುಂದೆ ನುಗ್ಗಿ ಎದುರಾಳಿಯ ಗೋಡೆ ಒಡೆಯುವವನು. ಆದರೂ ಇಬ್ಬರನ್ನೂ ಒಂದೇ ಕುರ್ಚಿಗೆ ಜಗಳವಾಡಿಸಿದ್ದು ಅಂದಿನ ಇಟಲಿಯ ಆಟದ ಲೆಕ್ಕಾಚಾರ. ಮೊದಲು ಗೋಲ್ ಬಿಡದಿರುವುದು, ಆಮೇಲೆ ಗೋಲ್ ಹೊಡೆಯುವುದು. ಹಿಂದೆ ಒಬ್ಬ ಕಾವಲುಗಾರ, ಪ್ರತಿ ಎದುರಾಳಿಗೂ ಒಬ್ಬೊಬ್ಬ ಬೆನ್ನಟ್ಟುವವನು, ಮಧ್ಯದಲ್ಲಿ ದುಡಿಯುವವರು. ಮುಂದೆ ರೀವಾ ಮತ್ತು ಬೋನಿನ್ಸೇನ್ಯಾ. ಈ ಲೆಕ್ಕದಲ್ಲಿ ಸೃಜನಶೀಲ ಆಟಗಾರನಿಗೆ ಉಳಿಯುವುದು ಒಂದೇ ಸ್ಥಾನ. ಇಬ್ಬರಿದ್ದರೆ ದುಡಿಯುವವನೊಬ್ಬ ಕಡಿಮೆಯಾದ ಎಂದರ್ಥ.

ಈ ನಂಬಿಕೆಗೆ ಆಧಾರವಾಗಿ 1966ರ ಸೋಲನ್ನು ಮುಂದಿಡುತ್ತಿದ್ದರು. ಮಿಡಲ್ಸ್‌ಬರೊದಲ್ಲಿ ಉತ್ತರ ಕೊರಿಯಾ ಎದುರು 0–1 ಅಂತರದಲ್ಲಿ ಸೋತು ಮನೆಗೆ ಮರಳಿದ ಇಟಲಿ ತಂಡದಲ್ಲಿ ಇಬ್ಬರೂ ಇದ್ದರು ನಿಜ. ಆದರೆ ಆ ದಿನ ಇಟಲಿಯ ಬುಲ್ಗರೆಲ್ಲಿ ಮೊದಲರ್ಧದಲ್ಲೇ ಗಾಯಗೊಂಡು ಹೊರಬಿದ್ದ, ಬದಲಿ ಆಟಗಾರರ ನಿಯಮವಿಲ್ಲದ ಕಾರಣ ಇಟಲಿ ಹತ್ತು ಮಂದಿಯಲ್ಲಿ ಆಡಿತು. ಅಂಥ ಪಂದ್ಯದಿಂದ ಇವರಿಬ್ಬರು ಕೂಡಿ ಆಡಲಾರರು ಎಂಬ ತೀರ್ಪು ತೆಗೆಯುವುದು ನ್ಯಾಯವಲ್ಲ. 1968ರಲ್ಲಿ ಇಟಲಿ ಯುರೋಪಿನ ಚಾಂಪಿಯನ್ ಆದದ್ದು ಇನ್ನೊಂದು ಆಧಾರ. ಸೆಮಿಫೈನಲ್‌ನಲ್ಲಿ ಗಾಯಗೊಂಡ ರಿವೆರಾ ಹೊರಗುಳಿದ, ಫೈನಲ್‌ನ ಮರುಪಂದ್ಯದಲ್ಲಿ ಮಜ್ಜೋಲಾ ಆಡಿದ, ಯುಗೊಸ್ಲಾವಿಯಾ 2–0ಯಿಂದ ಸೋತಿತು. ರಿವೆರಾ ಇಲ್ಲದೆಯೂ ಗೆಲ್ಲಬಹುದು ಎಂಬುದು ವಾಲ್ಕರೆಜ್ಜಿಯ ಮನಸ್ಸಿನಲ್ಲಿ ಕೂತದ್ದು ಅಲ್ಲಿಂದ ಎಂದು ನನ್ನ ಅನಿಸಿಕೆ.

ಮೆಕ್ಸಿಕೊ ವಿಶ್ವಕಪ್‌ನ ಹೊತ್ತಿಗೆ ಈ ಜಗಳ ಇನ್ನಷ್ಟು ಕೆದರಿತು. ಸ್ಟ್ರೈಕರ್ ಅನಸ್ತಾಸಿ ಆಸ್ಪತ್ರೆ ಸೇರಿದಾಗ ಅವನ ಬದಲು ಬೋನಿನ್ಸೇನ್ಯಾ, ಪ್ರಾತಿ ಇಬ್ಬರನ್ನೂ ಕರೆಸಿದರು. ಒಬ್ಬ ಹೆಚ್ಚಾದ್ದರಿಂದ ಮನೆಗೆ ಕಳಿಸಿದ್ದು ಲೊದೆತ್ತಿಯನ್ನು. ಅಂದರೆ ರಿವೆರಾನ ಪರವಾಗಿ ಓಡುವವನನ್ನೇ ಕಳಿಸಿ, ಆಮೇಲೆ ರಿವೆರಾ ಓಡುವುದಿಲ್ಲ ಎಂದು ಕೂರಿಸಿದರು. ರಿವೆರಾ ಸಿಡಿದೆದ್ದ, ಬಹಿರಂಗವಾಗಿ ಮಾತಾಡಿದ, ವಾಪಸು ಹೋಗುವ ಹಂತಕ್ಕೆ ಬಂದ. ಅವನನ್ನು ಸಮಾಧಾನಪಡಿಸಲು ಮಿಲಾನ್‌ನ ತರಬೇತುದಾರ ನೆರೆಯೊ ರೊಕ್ಕೊ ಮೆಕ್ಸಿಕೊಗೆ ಬರಬೇಕಾಯಿತು.

ಗುಂಪಿನ ಮೂರು ಪಂದ್ಯಗಳಲ್ಲಿ ಇಟಲಿ ಹೊಡೆದದ್ದು ಒಂದೇ ಗೋಲ್. ಅಷ್ಟರಲ್ಲೇ ಗುಂಪಿಗೆ ಮೊದಲ ಸ್ಥಾನ. ಸಮುದ್ರಮಟ್ಟದಿಂದ ಎರಡೂವರೆ ಸಾವಿರ ಮೀಟರ್‌ಗೂ ಎತ್ತರದ ಟೊಲುಕಾದಲ್ಲಿ ನಡೆದ ಕ್ವಾರ್ಟರ್‌ಫೈನಲ್‌ನಲ್ಲಿ ರಿಲೇ ಶುರುವಾಯಿತು. ಆತಿಥೇಯ ಮೆಕ್ಸಿಕೊ ವಿರುದ್ಧ ಮೊದಲರ್ಧ 1–1. ವಿರಾಮದ ನಂತರ ರಿವೆರಾ ಬಂದ, ಇಟಲಿ ಮತ್ತೆ ಮೂರು ಗೋಲ್ ಹೊಡೆಯಿತು, ಅದರಲ್ಲೊಂದು ರಿವೆರಾನದೇ. ತೆಳುಗಾಳಿಯಲ್ಲಿ ಎದುರಾಳಿಗಳ ಉಸಿರು ಮೇಲಾಗುವ ಹೊತ್ತಿಗೆ ಉದ್ದ ಪಾಸ್ ಕೊಡುವವನನ್ನು ಇಳಿಸುವುದು ಒಳ್ಳೆಯ ಉಪಾಯ. ಈ ಮಟ್ಟಿಗೆ ವಾಲ್ಕರೆಜ್ಜಿಗೆ ಸಲ್ಲಬೇಕಾದ ಶ್ರೇಯಸ್ಸು ಸಲ್ಲಲೇಬೇಕು.

ಜೂನ್ 17ರ ಸೆಮಿಫೈನಲ್, ಪಶ್ಚಿಮ ಜರ್ಮನಿಯ ಎದುರು ಅಜ್ಟೆಕಾ ಕ್ರೀಡಾಂಗಣದಲ್ಲಿ. ಇದರ ಎರಡು ನಿಮಿಷಗಳಲ್ಲಿ ಇಡೀ ರಿವೆರಾ ಸಿಗುತ್ತಾನೆ. ಹೆಚ್ಚುವರಿ ಅವಧಿಯಲ್ಲಿ ಇಟಲಿ 3–2ರಿಂದ ಮುಂದಿದೆ. 110ನೆಯ ನಿಮಿಷ, ಜರ್ಮನಿಗೆ ಕಾರ್ನರ್. ರಿವೆರಾ ಗೋಲ್‌ಕಂಬಕ್ಕೆ ಆತುಕೊಂಡು ನಿಂತಿದ್ದಾನೆ. ಜೇಲರ್ ತಲೆಯಿಂದ ದಾಟಿಸಿದ ಚೆಂಡಿಗೆ ಮುಲ್ಲರ್ ಬಾಗಿ ತಲೆ ತಾಗಿಸಿದ. ಅದೇನೂ ಬಿರುಸಿನ ಹೆಡರ್ ಅಲ್ಲ. ಚೆಂಡು ರಿವೆರಾನ ದೇಹಕ್ಕೂ ಕಂಬಕ್ಕೂ ನಡುವಿನ ಸಂದಿಯಲ್ಲಿ ತೂರಿ ಒಳಗೆ ಹೋಯಿತು. 3–3. ಗೋಲ್‌ಕೀಪರ್ ಅಲ್ಬೆರ್ತೋಸಿ ಅವನ ಮೇಲೆ ಕೂಗಾಡಿದ. ರಿವೆರಾ ಕಂಬವನ್ನು ತಬ್ಬಿ ನಿಂತ. ಬ್ರೆರಾನ ದೂರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಆಟ ಮತ್ತೆ ಮಧ್ಯದಿಂದ ಆರಂಭವಾಯಿತು. ಜರ್ಮನರ ಕಾಲಿಗೆ ಚೆಂಡು ಸೋಕಲೇ ಇಲ್ಲ. ಫಕ್ಕೆತ್ತಿ ಎಡಬದಿಗೆ ಉದ್ದ ಪಾಸ್ ಕೊಟ್ಟ. ಬೋನಿನ್ಸೇನ್ಯಾ ಡಿಫೆಂಡರನನ್ನು ಹಿಂದಿಕ್ಕಿ ಗೋಲ್ ಗೆರೆಯ ಹತ್ತಿರಕ್ಕೆ ಓಡಿ ಚೆಂಡನ್ನು ಹಿಂದಕ್ಕೆ ತಳ್ಳಿದ. ಒಂದು ನಿಮಿಷದ ಹಿಂದೆ ತನ್ನದೇ ಗೋಲಿನ ಕಂಬಕ್ಕೆ ಒರಗಿದ್ದ ರಿವೆರಾ ಈಗ ಎದುರಿನ ಪೆನಾಲ್ಟಿ ಬಾಕ್ಸ್‌ನಲ್ಲಿದ್ದ. ಎಲ್ಲರೂ ಬೀಸಿ ಹೊಡೆಯುವ ಜಾಗ ಅದು. ಅವನು ಬೀಸಲಿಲ್ಲ. ಜರ್ಮನಿಯ ಗೋಲ್‌ಕೀಪರ್ ಮಾಯರ್ ಒಂದು ಕಡೆಗೆ ವಾಲುವುದನ್ನು ಕಂಡು, ಬಲಗಾಲಿನ ಒಳಬದಿಯಿಂದ ಚೆಂಡನ್ನು ಇನ್ನೊಂದು ಕಡೆಗೆ ಸರಿಸಿದ. 4–3. ನೂರಾ ಹನ್ನೊಂದನೆಯ ನಿಮಿಷದಲ್ಲಿ, ಆ ಎತ್ತರದಲ್ಲಿ, ಅಷ್ಟು ದೊಡ್ಡ ತಪ್ಪಿನ ಬೆನ್ನಿಗೇ ಅಷ್ಟು ತಣ್ಣಗೆ ಯೋಚಿಸಬಲ್ಲವನು ನಾಜೂಕಿನವನಾಗಿರಲು ಸಾಧ್ಯವಿಲ್ಲ. ಕಸುವು ಎಂಬುದನ್ನು ಬ್ರೆರಾ ಬರೀ ತೊಡೆಯಲ್ಲಿ ಹುಡುಕಿದ.

ಹಾಗೆಂದು ಮಜ್ಜೋಲಾನ ಮೊದಲರ್ಧಗಳನ್ನು ಮರೆಯುವುದು ತಪ್ಪು, ರಿವೆರಾನ ಅಭಿಮಾನಿಗಳು ಮಾಡುವುದು ಅದನ್ನೇ. ಗೋಲ್ ಪಟ್ಟಿಯಲ್ಲಿ ಹೆಸರಿಲ್ಲ ಎಂದಮಾತ್ರಕ್ಕೆ ಅವನು ಬರೀ ಜಾಗ ಕಾಯುತ್ತಿದ್ದ ಎಂದಲ್ಲ. ಎದುರಾಳಿಗಳ ಕಾಲಲ್ಲಿ ಇನ್ನೂ ಶಕ್ತಿಯಿರುವಾಗ ಅವರನ್ನು ಎದುರಿಸಿ ದಣಿಸುವ ಹೊಣೆ ಅವನದಾಗಿತ್ತು. ದಣಿದ ಎದುರಾಳಿಗಳನ್ನು ಎದುರಿಸುವ ಭಾಗ್ಯ ರಿವೆರಾಗೆ ಸಿಕ್ಕಿತು. ಈ ವ್ಯತ್ಯಾಸ ಬದಿಗಿಟ್ಟು ಇಬ್ಬರನ್ನೂ ತೂಗಿದರೆ ತಕ್ಕಡಿ ಸರಿಯಿರುವುದಿಲ್ಲ.

ಇನ್ನು ಜೂನ್ 21ರ ಫೈನಲ್. 1938ರ ನಂತರ ಇಟಲಿ ಮೊದಲ ಬಾರಿಗೆ ಅಲ್ಲಿಗೆ ಮುಟ್ಟಿತ್ತು. ಪೆಲೆಯ ಹೆಡರ್‌ನಿಂದ ಬ್ರೆಜಿಲ್ ಮುಂದಾಯಿತು, ಕ್ಲೊಡೊಆಲ್ಡೊ ಹಿಮ್ಮಡಿಯಿಂದ ಕೊಡಲು ಹೋಗಿ ಕೈಚೆಲ್ಲಿದ ಚೆಂಡಿನಿಂದ ಬೋನಿನ್ಸೇನ್ಯಾ ಸಮ ಮಾಡಿದ. ವಿರಾಮಕ್ಕೆ 1–1. ಇಟಲಿಯೆಲ್ಲ ರಿವೆರಾನನ್ನು ಎದುರುನೋಡುತ್ತಿದ್ದಾಗ ಮಜ್ಜೋಲಾನೇ ಮರಳಿ ಬಂದ. ಅವನು ಚೆನ್ನಾಗಿ ಆಡುತ್ತಿದ್ದುದು ನಿಜ. ಅಂದು ನೀಲಿ ಅಂಗಿಯಲ್ಲಿ ಬ್ರೆಜಿಲ್ಲನ್ನು ಕಾಡಿದವರಲ್ಲಿ ಮುಖ್ಯನೇ ಅವನು. ಅವನನ್ನು ತೆಗೆಯದಿದ್ದುದು ಸರಿಯಾದ ನಿರ್ಧಾರ, ಇದನ್ನು ಅನ್ಯಾಯವೆನ್ನುವವರ ಜೊತೆ ನಾನಿಲ್ಲ.

ಅನ್ಯಾಯ ನಡೆದದ್ದು ಆಮೇಲೆ. ಎರಡನೆಯ ಅರ್ಧದಲ್ಲಿ ಮೈದಾನದ ಮಧ್ಯ ಬ್ರೆಜಿಲ್‌ನ ಮಿಡ್‌ಫೀಲ್ಡರ್ ಜೆರ್ಸನ್‌ನ ಸ್ವತ್ತಾಯಿತು. ಅವನ ಹತ್ತಿರ ಸುಳಿಯುವವರಿಲ್ಲ. 66ನೆಯ ನಿಮಿಷ ಅವನು ಬಾಕ್ಸ್‌ನ ಹೊರಗಿನಿಂದ ಎಡಗಾಲಲ್ಲಿ ಹೊಡೆದ, 2–1. ಐದು ನಿಮಿಷಕ್ಕೆ ಜೈರ್‌ಜಿನ್ಯೊ, 3–1. ವಾಲ್ಕರೆಜ್ಜಿ 75ರಲ್ಲಿ ಬೆರ್ತಿನಿಯ ಬದಲು ಜುಲಿಯಾನೊನನ್ನು ಇಳಿಸಿದ. ರಿವೆರಾ ಬಂದದ್ದು 84ರಲ್ಲಿ, ಅದೂ ಇಟಲಿಯ ಏಕೈಕ ಗೋಲ್ ಹೊಡೆದ ಬೋನಿನ್ಸೇನ್ಯಾನ ಬದಲು. ಎರಡು ನಿಮಿಷದಲ್ಲಿ ಕಾರ್ಲೊಸ್ ಆಲ್ಬರ್ಟೊ 4–1 ಮಾಡಿದ.

ರಿವೆರಾ ಬೇಗ ಬಂದಿದ್ದರೆ ಬ್ರೆಜಿಲ್ ಸೋಲುತ್ತಿತ್ತು ಎಂದು ನಾನು ಹೇಳುವುದಿಲ್ಲ. ಅಂದಿನ ಬ್ರೆಜಿಲ್ಲನ್ನು ಯಾರೂ ಸೋಲಿಸುತ್ತಿರಲಿಲ್ಲ. ಆದರೆ ದಣಿವಿನ ಲೆಕ್ಕ ನೋಡಿ. ಕ್ವಾರ್ಟರ್‌ಫೈನಲ್, ಸೆಮಿಫೈನಲ್ ಸೇರಿ ಬೆರ್ತಿನಿ, ದೆ ಸಿಸ್ತಿ, ಫಕ್ಕೆತ್ತಿ 210 ನಿಮಿಷ ಓಡಿದ್ದರು. ರಿವೆರಾ ಆಡಿದ್ದು 120, ಮಜ್ಜೋಲಾ ಬರೀ 90. ತರಬೇತುದಾರನ ರಿಲೇಯೇ ಈ ಇಬ್ಬರನ್ನು ಫೈನಲ್‌ಗಾಗಿ ತಾಜಾ ಉಳಿಸಿತ್ತು. ಇಬ್ಬರ ಕಾಲಲ್ಲೂ ಶಕ್ತಿಯಿರುವಾಗ, ಚೆಂಡು ಹಿಡಿದಿಡುವವರೇ ಇಲ್ಲದಿರುವಾಗ, ಜೆರ್ಸನ್ ಹೇಗೂ ಸ್ವತಂತ್ರವಾಗಿರುವಾಗ ರಿವೆರಾ ಹಿಂದೆ ಓಡುವುದಿಲ್ಲ ಎಂಬ ಆಕ್ಷೇಪಕ್ಕೆ ಏನು ಬೆಲೆ? ಹೊಸ ನಿಯಮ ಕೈಗಿತ್ತ ಅಸ್ತ್ರವನ್ನು ವಾಲ್ಕರೆಜ್ಜಿ ಒಬ್ಬನನ್ನು ತೆಗೆದು ಇನ್ನೊಬ್ಬನನ್ನು ಹಾಕಲೇ ಹೆಚ್ಚಾಗಿ ಬಳಸಿದ. ಫೈನಲ್‌ನಲ್ಲಿ ಹೊತ್ತಿರುವಾಗಲೇ ಒಬ್ಬನ ಪಕ್ಕಕ್ಕೆ ಇನ್ನೊಬ್ಬನನ್ನು ನಿಲ್ಲಿಸಲು ಅವನಿಗೆ ಧೈರ್ಯ ಸಾಲಲಿಲ್ಲ.

ಎದುರಿನ ಬೆಂಚಿನಲ್ಲೇ ಉತ್ತರ ಕೂತಿತ್ತು. ಬ್ರೆಜಿಲ್‌ನ ತರಬೇತುದಾರ ಝಗಾಲೊಗೂ ಇದೇ ಸಮಸ್ಯೆ ಇತ್ತು, ಇನ್ನೂ ದೊಡ್ಡದಾಗಿ. ಪೆಲೆ ಇದ್ದ ತಂಡದಲ್ಲಿ ಟೋಸ್ಟಾವೊಗೆ ಜಾಗವಿಲ್ಲ, ಜೆರ್ಸನ್ ಇದ್ದಲ್ಲಿ ರಿವೆಲಿನೊಗೆ ಜಾಗವಿಲ್ಲ ಎನ್ನುವವರು ಅಲ್ಲಿಯೂ ಇದ್ದರು. ಝಗಾಲೊ ಟೋಸ್ಟಾವೊನನ್ನು ಮುಂದಕ್ಕೆ ಕಳಿಸಿದ, ರಿವೆಲಿನೊನನ್ನು ಎಡಬದಿಗೆ ಸರಿಸಿದ, ನಾಲ್ವರನ್ನೂ ಆಡಿಸಿದ. ಆಟಗಾರರಿಗೆ ತಕ್ಕಂತೆ ಜಾಗಗಳನ್ನು ಬದಲಿಸುವುದೇ ತರಬೇತುದಾರನ ಕೆಲಸ.

ನಾಲ್ಕು ವರ್ಷದ ನಂತರ ಪಶ್ಚಿಮ ಜರ್ಮನಿಯ ವಿಶ್ವಕಪ್‌ನಲ್ಲಿ ಇಬ್ಬರೂ ಕೂಡಿ ಆಡಿದರು. ಹೈಟಿ ವಿರುದ್ಧ ಗೆಲುವು, ಅರ್ಜೆಂಟೀನಾ ಜೊತೆ ಡ್ರಾ, ಆಮೇಲೆ ಪೋಲೆಂಡ್ ವಿರುದ್ಧ ರಿವೆರಾನನ್ನು ಕೈಬಿಟ್ಟು ಇಟಲಿ ಸೋತು ಹೊರಬಿತ್ತು. ಜೋಡಿಯಾಗಿ ಆಡಿದಾಗಲೂ ಅದ್ಭುತವೇನೂ ನಡೆಯಲಿಲ್ಲ ಎಂದು ಇದನ್ನು ತೋರಿಸುವವರಿದ್ದಾರೆ. ಆದರೆ ಅಷ್ಟರಲ್ಲಿ ಇಬ್ಬರೂ ಮೂವತ್ತು ದಾಟಿದ್ದರು, ತಂಡವೂ ಹಳತಾಗಿತ್ತು.

ಮೊದಲು ಕೊಟ್ಟ ಮಾತಿನಂತೆ ಉತ್ತರ ಹೇಳಬೇಕು. ಇಪ್ಪತ್ತು ಪಂದ್ಯಗಳ ಒಂದು ಋತುವಿಗೆ ಒಬ್ಬನನ್ನೇ ಆರಿಸು ಎಂದರೆ ಮಜ್ಜೋಲಾನನ್ನು ಆರಿಸುತ್ತೇನೆ, ಏಕೆಂದರೆ ಕೆಟ್ಟ ದಿನದಲ್ಲೂ ಅವನಿಂದ ತಂಡಕ್ಕೆ ಏನಾದರೂ ಸಿಗುತ್ತದೆ. ಆಟಗಾರನಾಗಿ ದೊಡ್ಡವನು ರಿವೆರಾ. ಅವನು ಕಂಡದ್ದನ್ನು ಮೈದಾನದಲ್ಲಿ ಬೇರೆ ಯಾರೂ ಕಾಣುತ್ತಿರಲಿಲ್ಲ. 1970ರ ಫೈನಲ್‌ನ ಪೂರ್ತಿ ದೃಶ್ಯಾವಳಿ ಇಂದು ಸುಲಭವಾಗಿ ನೋಡಲು ಸಿಗುತ್ತದೆ. ಎಲ್ಲರೂ ನೋಡುವ ನಾಲ್ಕನೆಯ ಗೋಲನ್ನು ಸ್ವಲ್ಪ ಹೊತ್ತು ಬದಿಗಿಟ್ಟು ದ್ವಿತೀಯಾರ್ಧದ ಮೊದಲ ಇಪ್ಪತ್ತು ನಿಮಿಷ ನೋಡಿ. 15ನೆಯ ಅಂಗಿಯ ಮಜ್ಜೋಲಾ ಚೆಂಡು ಹಿಡಿದು ತಲೆ ಎತ್ತಿದಾಗಲೆಲ್ಲ ಅವನ ಪಾಸಿಗೆ ಎಷ್ಟು ಮಂದಿ ಸಿಗುತ್ತಾರೆ ಎಂದು ಎಣಿಸಿ, ಆಮೇಲೆ ನಿಮ್ಮ ತೀರ್ಪು ನೀವೇ ಕೊಡಿ.