ನಿಂತರೆ ಹೋಗುವ ನೋವು, ಕೂತರೆ ಹೋಗುವ ನೋವು

ಅರವತ್ತು ದಾಟಿದವರು ನಡೆಯುವಾಗ ಕಾಲು ನೋಯುತ್ತದೆ ಎಂದರೆ ಸಾಕು, ಸೊಂಟದ ಎಂಆರ್‌ಐಗೆ ಚೀಟಿ ಬರೆದುಕೊಡುವ ರೂಢಿ ಬೇರೂರಿಬಿಟ್ಟಿದೆ. ಆ ಚಿತ್ರಕ್ಕೆ ಸಲ್ಲುತ್ತಿರುವ ಗೌರವ ಅದರ ಯೋಗ್ಯತೆಗೆ ಮೀರಿದ್ದು. 1990ರಲ್ಲಿ ಸ್ಕಾಟ್ ಬೋಡೆನ್ ಮತ್ತು ಸಂಗಡಿಗರು ಬೆನ್ನುನೋವನ್ನೇ ಕಾಣದ 67 ಜನರನ್ನು ಸ್ಕ್ಯಾನ್ ಮಾಡಿ ನೋಡಿದರು. ಅವರಲ್ಲಿ 60 ದಾಟಿದವರ ಪೈಕಿ ಶೇ 21ರಷ್ಟು ಮಂದಿಗೆ ಬೆನ್ನುಹುರಿಯ ಕಾಲುವೆ ಕಿರಿದಾಗಿತ್ತು. ಕಾಲುವೆ ಕಿರಿದಾಗಿದೆ ಎಂದಮಾತ್ರಕ್ಕೆ ನೋವಿನ ಮೂಲ ಅಲ್ಲೇ ಇದೆ ಎನ್ನಲಾಗದು. ಕಾಲಿನ ರಕ್ತನಾಳ ಕಟ್ಟಿಕೊಂಡಿದ್ದರೆ ಸೊಂಟದ ಚಿತ್ರ ಅದನ್ನು ತೋರಿಸುವುದೂ ಇಲ್ಲ.

ಇದಕ್ಕೆ ಎದುರಾಗಿ ಕಡೆಗಣನೆಗೆ ಒಳಗಾದದ್ದು ಒಂದು ಪ್ರಶ್ನೆ. ಜೆಫ್ರಿ ರೋಸ್ 1962ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ ಅದು ಇದೆ: ನಡಿಗೆ ನಿಲ್ಲಿಸಿ ಸುಮ್ಮನೆ ನಿಂತರೆ ನೋವು ಏನಾಗುತ್ತದೆ? ರಕ್ತ ಸಾಲದೆ ನೋಯುವ ಮೀನಖಂಡಕ್ಕೆ ಬೇಕಾದದ್ದು ಕೆಲಸದಿಂದ ಬಿಡುವು ಮಾತ್ರ. ನಿಂತಲ್ಲೇ ನಿಂತರೂ ಕೆಲವೇ ನಿಮಿಷಗಳಲ್ಲಿ ಹಗುರಾಗುತ್ತದೆ. ನರ ಒತ್ತಿಕೊಂಡಿದ್ದರೆ ಹಾಗಲ್ಲ. ನೆಟ್ಟಗೆ ನಿಂತಾಗ ಬೆನ್ನುಮೂಳೆಗಳ ನಡುವಿನ ಅಸ್ಥಿರಜ್ಜು ಮಡಿಚಿ ಕಾಲುವೆಯೊಳಕ್ಕೆ ಉಬ್ಬುತ್ತದೆ, ನೋವು ಹಾಗೇ ಉಳಿಯುತ್ತದೆ. ಕೂತಾಗ, ಮುಂದಕ್ಕೆ ಬಾಗಿದಾಗ ಜಾಗ ಬಿಡುತ್ತದೆ.

ಆದರೆ ಈ ಪ್ರಶ್ನೆಯನ್ನು ಕೇಳುವ ಬಗೆಯಲ್ಲೇ ಎಡವಟ್ಟಾಗುತ್ತದೆ. “ರೆಸ್ಟ್ ತಗೊಂಡ್ರೆ ಹೋಗುತ್ತಾ?” ಎಂದರೆ ಇಬ್ಬರೂ ಹೌದು ಎನ್ನುತ್ತಾರೆ. ನಮ್ಮ ಹಿರಿಯರು ಕಾಲು ನೋಯಿತೆಂದರೆ ಜಗಲಿಯನ್ನೋ ಅಂಗಡಿಯ ಮೆಟ್ಟಿಲನ್ನೋ ಹುಡುಕಿ ಕೂತೇ ಬಿಡುತ್ತಾರೆ. ನಿಂತರೆ ಸಾಕಾಗುತ್ತಿತ್ತೇ ಎಂಬುದು ಅವರಿಗೇ ಗೊತ್ತಿರುವುದಿಲ್ಲ. ಇನ್ನು ಕಾಂಪೌಂಡ್ ಗೋಡೆಗೆ ಕೈಕೊಟ್ಟು ಬಾಗಿ ನಿಂತವರು “ನಿಂತ್ರೆ ಹೋಗುತ್ತೆ” ಎನ್ನುತ್ತಾರೆ. ಹೋಗಿಸಿದ್ದು ನಿಲುವಲ್ಲ, ಬಾಗು. ಆದ್ದರಿಂದ ಹೇಗೆ ನಿಂತಿರಿ ಎಂದು ಕೇಳದೆ ಈ ಉತ್ತರವನ್ನು ಬರೆದುಕೊಳ್ಳಬಾರದು. ಇಳಿಜಾರಿನಲ್ಲಿ ಹೆಚ್ಚು ನೋಯುತ್ತದೆಯೋ ಏರಿನಲ್ಲೋ ಎಂದೂ ಕೇಳಬೇಕು. ಏರು ರಕ್ತನಾಳದವರನ್ನು ಕಾಡುತ್ತದೆ, ಇಳಿಜಾರು ನರದವರನ್ನು. ಬಾಗಿ ಸೈಕಲ್ ತುಳಿದರೆ ನರದವರಿಗೆ ತೊಂದರೆಯಿಲ್ಲ, ರಕ್ತನಾಳದವರಿಗೆ ಅದೂ ನೋವೇ.

ರೋಸ್ ಪ್ರಶ್ನಾವಳಿ ರೋಗಿಗಳಲ್ಲಿ ಬಹಳ ಮಂದಿಯನ್ನು ಹಿಡಿಯದೆ ಬಿಡುತ್ತದೆ, ಹಾಗಾಗಿ ಮಾತಿನ ವಿಚಾರಣೆಯೇ ನಂಬಲರ್ಹವಲ್ಲ ಎನ್ನುವ ವಿಮರ್ಶಕರಿದ್ದಾರೆ. ಅವರ ವಾದದ ಮೊದಲರ್ಧ ನಿಜ, ಎರಡನೆಯದು ತಪ್ಪು. ರೋಸ್ ಬರೆದದ್ದು ಊರೂರು ಸಮೀಕ್ಷೆಗೆ. ಎದುರಿಗೆ ಕೂತ ಒಬ್ಬ ರೋಗಿಯ ಜತೆಗಿನ ಮಾತುಕತೆಗಲ್ಲ. ಎಡಿನ್‌ಬರೋದ ಲೆಂಗ್ ಮತ್ತು ಫೌಕ್ಸ್ 1992ರಲ್ಲಿ ಅದನ್ನು ತಿದ್ದುವಾಗ ಕಂಡದ್ದೇನು? ಹೀಗೆ ತಪ್ಪಿಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ಹೊರಗಿಟ್ಟದ್ದು ಒಂದೇ ಪ್ರಶ್ನೆ: ನಡೆಯುತ್ತಿರುವಾಗಲೇ ನೋವು ಮಾಯವಾಗುವುದುಂಟೇ ಎಂಬುದು. ನಿಲ್ಲುವ ಪ್ರಶ್ನೆಯ ಮೇಲೆ ಆ ದೋಷವನ್ನು ಹೊರಿಸುವುದು ಅನ್ಯಾಯ. ಪ್ರಶ್ನಾವಳಿಯನ್ನು ತೆಗೆದುಹಾಕಿ ಅಂತ ವಾದಿಸುವವರು ಅದರ ಯಾವ ಸಾಲು ಕೆಟ್ಟಿದೆ ಎಂದು ಓದಿ ನೋಡಿಲ್ಲ.

ಮಾತೊಂದೇ ಸಾಕು ಎಂದು ನಾನೂ ಹೇಳುತ್ತಿಲ್ಲ. ಕಣಕಾಲಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿದಾಗ 0.90 ಅಥವಾ ಅದಕ್ಕಿಂತ ಕಡಿಮೆ ಬಂದರೆ ರಕ್ತನಾಳ ಕಟ್ಟಿದೆ ಎಂದೇ ಅರ್ಥ. ಬಿ.ಪಿ. ಪಟ್ಟಿ ಮತ್ತು ಕೈಯಲ್ಲಿ ಹಿಡಿಯುವ ಪುಟ್ಟ ಡಾಪ್ಲರ್ ಇದ್ದರೆ ಇದು ಕೆಲವೇ ನಿಮಿಷಗಳ ಕೆಲಸ. ಸಕ್ಕರೆ ಕಾಯಿಲೆ ಹಳತಾದವರಲ್ಲಿ ನಾಳ ಗಟ್ಟಿಯಾಗಿ ಅಂಕಿ 1.40 ದಾಟಬಹುದು, ಆಗ ಕಾಲಬೆರಳಿನ ಒತ್ತಡ ನೋಡಬೇಕು. ಎರಡೂ ಕಾಯಿಲೆ ಒಬ್ಬರಲ್ಲೇ ಇರುವುದೂ ಉಂಟು. ಅಂಥವರಿಗೆ ಚಿತ್ರವನ್ನಷ್ಟೇ ನಂಬಿ ಬೆನ್ನಿನ ಆಪರೇಷನ್ ಮಾಡಿದರೆ ಮೀನಖಂಡದ ನೋವು ಇದ್ದಲ್ಲೇ ಇರುತ್ತದೆ. ಅದಕ್ಕೆ ಬೇಕಿದ್ದದ್ದು ತಂಬಾಕು ಬಿಡುವುದು, ಔಷಧಿ, ಮತ್ತು ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವ ಅಭ್ಯಾಸ.