ಹಂಪಿ: ಎಲ್ಲರ ಕೈಯಲ್ಲೂ ಒಂದೇ ಫೋಟೊ

ವಿಜಯವಿಠಲ ದೇವಸ್ಥಾನದ ಅಂಗಳಕ್ಕೆ ಬಂದವರು ಜೇಬಿನಿಂದ ಐವತ್ತು ರೂಪಾಯಿಯ ನೋಟು ತೆಗೆಯುತ್ತಾರೆ. ಅದರ ಮೇಲೆ ಅಚ್ಚಾದ ಕಲ್ಲಿನ ರಥವನ್ನು ಎದುರಿಗಿರುವ ಕಲ್ಲಿನ ರಥದ ಪಕ್ಕಕ್ಕೆ ಹಿಡಿದು, ಎರಡೂ ಒಂದೇ ಎಂಬುದಕ್ಕೆ ಸಾಕ್ಷಿಯಾಗಿ ಫೋಟೊ ಹೊಡೆಯುತ್ತಾರೆ. 2017ರಲ್ಲಿ ಈ ನೋಟು ಚಲಾವಣೆಗೆ ಬಂದ ಮೇಲೆ ಹುಟ್ಟಿಕೊಂಡ ಆಚಾರ ಇದು. ಎಲ್ಲಿ ನಿಂತರೆ ಸರಿಹೋಗುತ್ತದೆಂದು ಗೈಡುಗಳೇ ಜಾಗ ತೋರಿಸುತ್ತಾರೆ. ತಮಾಷೆಯ ಆಟ, ಇದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಹಂಪಿಯಲ್ಲಿ ನಡೆಯುವ ಛಾಯಾಗ್ರಹಣದ ಬಹುಪಾಲು ಇದೇ ಆಟವಾಗಿಬಿಟ್ಟಿದೆ: ಮೊದಲೇ ನೋಡಿದ ಚಿತ್ರವನ್ನು ಹುಡುಕಿಕೊಂಡು ಬರುವುದು, ಸಿಕ್ಕಿತು ಎಂದು ಸಮಾಧಾನಪಟ್ಟು ಹೋಗುವುದು. ಮೊಳದುದ್ದದ ಲೆನ್ಸ್ ಹೊತ್ತು ಬೆಳಗಿನ ಜಾವ ಮಾತಂಗ ಬೆಟ್ಟ ಹತ್ತುವವರೂ ಇದಕ್ಕೆ ಹೊರತಲ್ಲ. ಅವರ ಕೈಯಲ್ಲಿ ನೋಟು ಇರುವುದಿಲ್ಲ, ತಲೆಯಲ್ಲಿರುತ್ತದೆ.

ರಥದ ಎದುರು ಫೋನನ್ನು ಜೇಬಿಗಿಟ್ಟು ಒಂದಿಷ್ಟು ಹೊತ್ತು ನಿಂತವರಿಗೆ ಬೇರೆಯದೇ ಕಾಣುತ್ತದೆ. ರಥ ಎಳೆಯುವಂತಿರುವ ಆನೆಗಳು ಮೂಲದವಲ್ಲ. ಅವುಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಯ ಹಿಂಗಾಲು, ಬಾಲಗಳ ಉಳಿಕೆ ಇನ್ನೂ ಇದೆ. ಮುರಿದುಹೋದ ಕುದುರೆಗಳ ಜಾಗಕ್ಕೆ ಆನೆಗಳು ಬಂದಿವೆ. ಇಡೀ ರಥ ಏಕಶಿಲೆಯೆಂದು ಹೇಳುವವರಿದ್ದಾರೆ. ಅದು ಹಲವು ಕಲ್ಲುಗಳನ್ನು ಸಂದು ಕಾಣದಂತೆ ಜೋಡಿಸಿ ಕಟ್ಟಿದ್ದು. ಅಸಲಿಗೆ ಅದು ಗರುಡನ ಗುಡಿ. ವಿಠಲನ ವಾಹನವಾದ ಗರುಡ ಒಡೆಯನ ಎದುರಿಗೆ ಇರಬೇಕಾದದ್ದೇ. ಇಂದು ಗರ್ಭಗುಡಿಯಲ್ಲಿ ವಿಠಲನೇ ಇಲ್ಲ. ನೋಟಿನಲ್ಲಾಗಲಿ ಮೊಬೈಲಿನಲ್ಲಾಗಲಿ ಇದ್ಯಾವುದೂ ಮೂಡುವುದಿಲ್ಲ.

ಇನ್ನೂ ದೊಡ್ಡದೊಂದು ಕೊರತೆ ತಿಳಿಯಬೇಕಾದರೆ ಹಳೆಯ ಫೋಟೊ ನೋಡಬೇಕು. 1856ರಲ್ಲಿ ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಕಟ್ಟಡಗಳ ಫೋಟೊ ತೆಗೆದ. ಅವನ ಚಿತ್ರದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆ ಗಾರೆಯ ಶಿಖರವಿದೆ. ಆಮೇಲೆ ಅದನ್ನು ತೆಗೆದುಹಾಕಲಾಯಿತು. ಎಷ್ಟು ಅಚ್ಚುಕಟ್ಟು ಎಂದು ನಾವು ಹೊಗಳುವ ಆಕಾರ ತಲೆ ಕಳೆದುಕೊಂಡ ಗುಡಿಯ ಆಕಾರ.

ಗ್ರೀನ್‌ಲಾ ಬಳಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್. ಅದರ ಮೇಲೆ ಚಿತ್ರ ಮೂಡಲು ನಿಮಿಷಗಟ್ಟಲೆ ಬೆಳಕು ಬೀಳಬೇಕು. ನೀಲಿಗೆ ಬೇಗ ಸ್ಪಂದಿಸುವ ಕಾಗದವಾದ್ದರಿಂದ ಆಕಾಶವೆಲ್ಲ ಬರೀ ಬಿಳಿ, ಒಂದು ಮೋಡವೂ ಇಲ್ಲ. ಕಾಗದದ ನಾರು ಸಣ್ಣ ಕೆತ್ತನೆಯನ್ನು ತುಸು ಮಬ್ಬಾಗಿಸುತ್ತದೆ. ಹಾಗಿದ್ದೂ ಈ ಚಿತ್ರಗಳ ಮುಂದೆ ಇಂದಿನ ಕೇಸರಿ ಆಕಾಶದ ಹಂಪಿ ಚಿತ್ರಗಳು ಹಗುರವಾಗಿ ಕಾಣುತ್ತವೆ. ಆಕಾಶದ ಬಣ್ಣ ಕಣ್ಣನ್ನು ಸೆಳೆಯದ ಕಾರಣ ಕಲ್ಲಿನ ತೂಕ, ತೊಲೆಯ ಭಾರ ಹೊತ್ತ ಕಂಬ, ಬಿರುಕಿನೊಳಗೆ ಬೇರು ಬಿಟ್ಟ ಗಿಡ ಎಲ್ಲಕ್ಕೂ ಸಮಾನ ಗಮನ ಸಿಗುತ್ತದೆ. ಸೂರ್ಯಾಸ್ತದ ಹಿನ್ನೆಲೆಗೆ ಕಪ್ಪು ನೆರಳಾಗಿ ನಿಲ್ಲಿಸಿದ ಗೋಪುರದಲ್ಲಿ ನೋಡಲು ಏನಿದೆ? ಕಟ್ಟಿದವರ ಕೆಲಸವನ್ನೆಲ್ಲ ಅಳಿಸಿ ಅಂಚೊಂದನ್ನು ಉಳಿಸಿಕೊಂಡ ಚಿತ್ರ ಅದು.

1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ಕ್ಯಾಮೆರಾ ನಿಲ್ಲಿಸಿದ ಜಾಗಗಳನ್ನೇ ಹುಡುಕಿ ಅದೇ ಕೋನದಿಂದ ಮತ್ತೆ ತೆಗೆದರು. ಹಂಪಿಯ ಮೇಲೆ ನಡೆದ ಫೋಟೊ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಈ ಜೋಡಿ ಚಿತ್ರಗಳನ್ನು. ನೋಟು ಹಿಡಿದು ನಿಂತವರು ಮಾಡುವುದೂ ಪುನರಾವರ್ತನೆಯೇ ತಾನೆ, ಗೋಲಿಂಗ್ಸ್ ಕೆಲಸ ಹೇಗೆ ಹೆಚ್ಚಿನದು ಎಂದು ಕೇಳಬಹುದು. ಪ್ರವಾಸಿ ಹಳೆಯ ಚಿತ್ರಕ್ಕೂ ಎದುರಿನ ಕಲ್ಲಿಗೂ ಹೋಲಿಕೆ ಹುಡುಕುತ್ತಾನೆ. ಗೋಲಿಂಗ್ಸ್ ವ್ಯತ್ಯಾಸ ಹುಡುಕಿದರು. ಒಂದರ ಪಕ್ಕ ಒಂದಿಟ್ಟರೆ ನೂರಿಪ್ಪತ್ತೇಳು ವರ್ಷಗಳಲ್ಲಿ ಬಿದ್ದದ್ದು ಯಾವುದು, ಎತ್ತಿ ನಿಲ್ಲಿಸಿದ್ದು ಯಾವುದು ಎಂದು ಬೆರಳಿಟ್ಟು ತೋರಿಸಬಹುದು. ಅದಕ್ಕಾಗಿ ಒಬ್ಬ ನುರಿತ ಛಾಯಾಗ್ರಾಹಕ ತನಗಿಷ್ಟವಾದ ಕೋನವನ್ನೇ ಬಿಟ್ಟುಕೊಟ್ಟ.

ಗ್ರೀನ್‌ಲಾ ಕಾಲದ ವಿಧಾನದಲ್ಲಿ ಓಡಾಡುವ ಜನ ಮೂಡುತ್ತಲೇ ಇರಲಿಲ್ಲ. ಇಂದಿನ ಕ್ಯಾಮೆರಾಕ್ಕೆ ಆ ಮಿತಿ ಇಲ್ಲ, ಆದರೂ ಒಬ್ಬರೂ ಇಲ್ಲದ ಹಂಪಿಯೇ ಕಾಫಿ ಟೇಬಲ್ ಪುಸ್ತಕಗಳಿಗೆ ಬೇಕು. ಕಾದು, ಬೈದು, ಕೊನೆಗೆ ಆ್ಯಪಿನಲ್ಲಿ ಅಳಿಸಿಯಾದರೂ ಜನರನ್ನು ಹೊರಹಾಕುತ್ತಾರೆ. ಈ ರುಚಿಯ ಬಗ್ಗೆ ನನಗೆ ಗುಮಾನಿಯಿದೆ. 2011ರಲ್ಲಿ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರ ಮನೆ ಅಂಗಡಿಗಳನ್ನು ಕೆಡವಿದರು. ಸ್ಮಾರಕ ಉಳಿಸಲು ಎಂಬ ಕಾರಣದಲ್ಲಿ ಹುರುಳಿರಬಹುದು. ಹಂಪಿಯೆಂದರೆ ಬರೀ ಕಲ್ಲು ಎಂದು ದಶಕಗಟ್ಟಲೆ ತೋರಿಸಿದ ಚಿತ್ರಗಳು ಆ ಖಾಲಿ ಬೀದಿಯನ್ನು ಸಹಜವೆನ್ನಿಸಿದ್ದೂ ಸುಳ್ಳಲ್ಲ. ಅಂಥ ಚಿತ್ರಗಳಿಗೆ ಹೋಲಿಸಿದರೆ ಎಲ್ಲರೂ ಹಂಗಿಸುವ ಸೆಲ್ಫಿ ಪ್ರಾಮಾಣಿಕವಾದದ್ದು. ಯಾರೋ ಇಲ್ಲಿಗೆ ಬಂದಿದ್ದರು ಎಂಬುದನ್ನಾದರೂ ಅದು ಮುಚ್ಚಿಡುವುದಿಲ್ಲ.

ಕ್ಯಾಮೆರಾ ಸೋಲುವ ಜಾಗವೆಂದರೆ ಹಜಾರರಾಮ ದೇವಸ್ಥಾನ. ಅಲ್ಲಿ ರಾಮಾಯಣ ಗೋಡೆಯ ಮೇಲೆ ಮೂರು ಸಾಲಾಗಿ ಸಾಗುತ್ತದೆ. ಕಥೆ ಹಿಡಿಯಬೇಕಾದರೆ ಪ್ರದಕ್ಷಿಣೆ ಬರಬೇಕು. ಚೆಂದದ್ದೊಂದು ಫಲಕ ಆರಿಸಿ ತೆಗೆದ ಫೋಟೊ ಪುಸ್ತಕದಿಂದ ಹರಿದ ಹಾಳೆಯಷ್ಟೇ. ಇಲ್ಲಿ ಬೇಕಾದದ್ದು ಸಾಲುಸಾಲಾಗಿ, ಬೇಸರವಿಲ್ಲದೆ, ಎಲ್ಲವನ್ನೂ ಒಂದೇ ದೂರದಿಂದ ತೆಗೆಯುವ ಗುಮಾಸ್ತನ ಶ್ರದ್ಧೆ. ಉಬ್ಬು ಕಡಿಮೆಯಾದ್ದರಿಂದ ಎದುರು ಬೆಳಕಿನಲ್ಲಿ ಆಕೃತಿಗಳು ಚಪ್ಪಟೆಯಾಗುತ್ತವೆ, ಗೋಡೆಯನ್ನು ಸವರಿಕೊಂಡು ಬರುವ ಓರೆ ಬಿಸಿಲೇ ಬೇಕು. ಒಂದೊಂದು ದಿಕ್ಕಿನ ಗೋಡೆಗೆ ಅದು ಒಂದೊಂದು ಹೊತ್ತಿಗೆ ಸಿಗುತ್ತದೆ. ಬೆಳಿಗ್ಗೆ ವಿಠಲ, ಮಧ್ಯಾಹ್ನ ಕಮಲ ಮಹಲ್, ಸಂಜೆ ಹೇಮಕೂಟ ಎಂದು ಓಡುವವರಿಗೆ ಇದು ಆಗದ ಮಾತು.

ಫೋಟೊದ ಹುಚ್ಚು ಕಲ್ಲಿಗೆ ಹಾನಿ ಮಾಡುವುದೂ ಉಂಟು. 2019ರಲ್ಲಿ ಯುವಕರು ಹಂಪಿಯ ಕಂಬವೊಂದನ್ನು ತಳ್ಳಿ ಬೀಳಿಸುವ ವಿಡಿಯೊ ಊರೆಲ್ಲ ಹರಿದಾಡಿತು. ನ್ಯಾಯಾಲಯ ದಂಡ ಹಾಕಿ, ಅವರ ಕೈಯಲ್ಲೇ ಕಂಬ ಎತ್ತಿ ನಿಲ್ಲಿಸುವಂತೆ ಮಾಡಿತು. ರಥದ ಮೇಲೆ ಹತ್ತುವ, ಗಾಲಿಗೆ ಜೋತುಬೀಳುವ ಕಾಟ ತಡೆಯಲು ಸುತ್ತ ಬೇಲಿ ಬಂದಿದೆ. ಬೇಲಿ ಫ್ರೇಮ್ ಕೆಡಿಸುತ್ತದೆಂದು ಗೊಣಗುವವರು ಬಹಳ, ಅದನ್ನೂ ಆ್ಯಪಿನಲ್ಲಿ ಅಳಿಸುತ್ತಾರೆ. ಅಳಿಸಬಾರದು. ಉಗ್ರನರಸಿಂಹನ ಮೊಣಕಾಲುಗಳ ನಡುವಿನ ಯೋಗಪಟ್ಟಿ ಪುರಾತತ್ವ ಇಲಾಖೆ ಆಮೇಲೆ ಜೋಡಿಸಿದ್ದೆಂದು ಗೊತ್ತಾಗುವುದು ಅದಿಲ್ಲದ ಹಳೆಯ ಫೋಟೊಗಳು ಉಳಿದಿರುವುದರಿಂದ. 1856, 1983ರ ಚಿತ್ರಗಳ ಪಕ್ಕ ಮೂರನೆಯದನ್ನು ಇಡಲು ಯಾರಾದರೂ ಮುಂದೆ ಬಂದರೆ ಅವರಿಗೆ ಬೇಲಿ, ಫಲಕ, ಕಾವಲುಗಾರನ ಕುರ್ಚಿ, ತಾರೀಕು ಎಲ್ಲವೂ ಬೇಕಾಗುತ್ತದೆ.